ದೃಷ್ಟಿ ತೆಗೆದ ಮೇಲೆ

ಪೋರ್ಚುಗಲ್‌ನಲ್ಲಿ ಎರಡು ವರ್ಷ ಇದ್ದು ಬಂದ ಚೈತ್ರಾಳಿಗೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಜನ ‘ಫಾರಿನ್ ಚೈತ್ರಕ್ಕ’ ಎಂದು ಹೆಸರಿಟ್ಟಿದ್ದರು. ಫಾರಿನ್ನಿಂದ ಬಂದವಳು ರೊಟ್ಟಿ ಬಡಿದು ಮಾರುತ್ತಾಳೆಂದರೆ ಯಾರಿಗೆ ತಾನೇ ನಗು ಬರುವುದಿಲ್ಲ! ಅವಳೂ ನಗುತ್ತಿದ್ದಳು. ಅಲ್ಲಿಂದ ಏನು ತಂದೆ ಎಂದು ಯಾರಾದರೂ ಕೇಳಿದರೆ ಮಾತ್ರ ಹಿಟ್ಟಿನ ಕಡೆ ತಿರುಗಿಬಿಡುತ್ತಿದ್ದಳು. ತಂದಿದ್ದು ಒಂದೇ ಚಿಂತೆ. ಮಾರ್ತಾ ಬದುಕಿದ್ದಾಳೋ ಇಲ್ಲವೋ.

ಚೈತ್ರಾ ಹರಿಹರದ ಹತ್ತಿರದ ಕಡರನಾಯಕನಹಳ್ಳಿಯವಳು. ಅವಳ ತಾಯಿ ಅಂಜಿನವ್ವ ಊರ ಮಕ್ಕಳಿಗೆಲ್ಲ ದೃಷ್ಟಿ ತೆಗೆಯುವ ಹೆಂಗಸು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗುವಿಗೆ ಇಳಿ ತೆಗೆದು ಒಲೆಗೆ ಹಾಕುವಳು. ಮೆಣಸಿನಕಾಯಿ ಘಾಟು ಬರಲಿಲ್ಲವೆಂದರೆ ದೃಷ್ಟಿ ಆಗಿದ್ದು ಖರೆ. ಆದರೆ ಅದು ಇನ್ನೂ ಒಲೆಯಲ್ಲಿ ಚಟಪಟ ಎನ್ನುತ್ತಿರುವಾಗಲೇ ಅಂಜಿನವ್ವ ಬೀದಿಗೆ ಬಂದು, ಯಾರದಾದರೂ ಬೈಕು ನಿಲ್ಲಿಸಿ, ಮಗುವನ್ನು ಹರಿಹರದ ಡಾಕ್ಟರ ಹತ್ತಿರ ಅಟ್ಟುತ್ತಿದ್ದಳು. ಎರಡೂ ಸೇರಿದರೇ ಕೆಲಸ ಮುಗಿದಂತೆ. ಒಂದು ಮಾಡಿದರೆ ಇನ್ನೊಂದು ಬೇಡ ಎಂದು ಆ ಊರಲ್ಲಿ ದಡ್ಡರು ಕೂಡ ಹೇಳಿದವರಲ್ಲ.

ಗಂಡ ತೀರಿದ ಮೇಲೆ ಚೈತ್ರಾ ದಾವಣಗೆರೆಗೆ ಬಂದು, ಎ ಬ್ಲಾಕಿನ ಬಸವಣ್ಣೆಮ್ಮನ ಮನೆಯಲ್ಲಿ ಅಡಿಗೆಗೆ ನಿಂತಳು. ಬಸವಣ್ಣೆಮ್ಮನ ಮಗಳು ನಯನಾ ಯೋಗದ ಟೀಚರು. ಪೋರ್ಚುಗಲ್‌ನ ಒಂದು ಗುಡ್ಡದ ಮೇಲೆ ಔಷಧಿಯಿಲ್ಲದೆ ರೋಗ ವಾಸಿ ಮಾಡುವವರ ಒಂದು ನೆಲೆ ಇತ್ತು. ನಯನಾಳಿಗೆ ಅಲ್ಲಿ ಕೆಲಸ ಸಿಕ್ಕಿತು, ಅಡಿಗೆಯವಳೂ ಬೇಕೆಂದರು, ಚೈತ್ರಾ ಹೊರಟಳು.

ಅಲ್ಲೋ, ಯಾರನ್ನು ಕಂಡರೂ ವೈದ್ಯರೇ! ಒಬ್ಬ ಕಂಚಿನ ಬಟ್ಟಲು ಬಾರಿಸಿ ಬೆನ್ನುನೋವು ಬಿಡಿಸುವವನು, ಇನ್ನೊಬ್ಬಳು ಹೊಟ್ಟೆಯ ಮೇಲೆ ಕಲ್ಲಿಡುವವಳು. ಕೆಟ್ಟವರಲ್ಲ, ಕಣ್ಣೀರು ಹಾಕಿದವರನ್ನು ತಬ್ಬಿಕೊಳ್ಳುವ ಜನ. ಗುಳಿಗೆ ಎಂದರೆ ಮಾತ್ರ ಹಾವು ಕಂಡಂತೆ ಬೆಚ್ಚುವರು. ಚೈತ್ರಾ ತನ್ನ ಬಿ.ಪಿ. ಗುಳಿಗೆಗಳನ್ನು ರವೆ ಡಬ್ಬಿಯಲ್ಲಿ ಮುಚ್ಚಿಟ್ಟು ನುಂಗುತ್ತಿದ್ದಳು.

ಒಂದು ದಿನ ಯಾರದೋ ಕೂಸು ಅತ್ತೂ ಅತ್ತೂ ನೀಲಿಗಟ್ಟಿತು. ಚೈತ್ರಾಳ ಕೈ ತಡೆಯಲಿಲ್ಲ, ದೃಷ್ಟಿ ತೆಗೆದಳು. ಕೂಸು ನಿದ್ದೆ ಹೋಯಿತು. ಮುಗಿಯಿತಲ್ಲ, ಮರುದಿನದಿಂದ ಅಡಿಗೆಮನೆ ಬಾಗಿಲಲ್ಲಿ ಪಾಳಿ. ಆ ಪಾಳಿಯಲ್ಲಿ ಬಂದವಳೇ ಮಾರ್ತಾ. ಐವತ್ತರ ಹೆಂಗಸು, ಇವಳ ಜೊತೆ ಕೂತು ಈರುಳ್ಳಿ ಹೆಚ್ಚುತ್ತಿದ್ದವಳು. ಚೈತ್ರಾಳ ಬೆರಳು ಹಿಡಿದು ತನ್ನ ಎದೆಯ ಮೇಲಿಟ್ಟಳು. ಒಳಗೆ ಗೋಲಿಯಂಥ ಗಂಟು. ಚೈತ್ರಾ ದೃಷ್ಟಿ ತೆಗೆದು, ಅವ್ವ ಹೇಳುತ್ತಿದ್ದುದನ್ನೇ ನಯನಾಳಿಗೆ ಹೇಳಿದಳು.

“ದೃಷ್ಟಿ ತೆಗ್ದೀನಿ, ಇವತ್ತೇ ದವಾಖಾನೆಗೆ ಹೋಗ್ಬೇಕು ಅಂತ ಹೇಳ್ರಿ ಮೇಡಂ.”

ನಯನಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಮಾರ್ತಾ ಚೈತ್ರಾಳ ಕೈಗೆ ಮುತ್ತಿಟ್ಟಳು. ಮುಂದಿನ ವಾರ ತಾನೇ ಉಪ್ಪು ಹಿಡಿದುಕೊಂಡು ನಗುತ್ತ ಬಂದಳು. ಆಗ ಚೈತ್ರಾಳಿಗೆ ಅನುಮಾನ ಬಂತು. ಕೇಳಿದರೆ ನಯನಾ ಮರೆಮಾಚಲಿಲ್ಲ. ಇವರೆಲ್ಲ ಆಸ್ಪತ್ರೆಗೆ ಹೆದರಿಯೇ ಇಲ್ಲಿಗೆ ಬಂದವರು, ಆ ಮಾತೆತ್ತಿದರೆ ಇಬ್ಬರನ್ನೂ ಓಡಿಸುತ್ತಾರೆ, ಉಪ್ಪು ಸಾಕು ಎಂದು ನೀನು ಹೇಳಿದೆಯೆಂದು ಹೇಳಿದ್ದೇನೆ ಎಂದಳು. ಚೈತ್ರಾ ಸೀದಾ ಮಾರ್ತಾಳ ಮುಂದೆ ಹೋಗಿ, ಅಳುತ್ತಲೇ ಎದೆ ಮುಟ್ಟಿ ತೋರಿಸಿ, ತನಗೆ ಬರುತ್ತಿದ್ದ ಒಂದೇ ಮಾತು ಹೇಳಿದಳು. ಹಾಸ್ಪಿಟಲ್, ಹಾಸ್ಪಿಟಲ್. ಮಾರ್ತಾ ಗಾಬರಿಯಿಂದ ನಯನಾಳನ್ನು ನೋಡಿದಳು. ನಯನಾ ಇಂಗ್ಲಿಷಿನಲ್ಲಿ ಏನೋ ಜೋಡಿಸಿದಳು. ಊರಲ್ಲಿ ಇವಳ ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಪಾಪ, ಅದಕ್ಕೇ ಅಳುತ್ತಿದ್ದಾಳೆ ಎಂದಿದ್ದಳೆಂದು ಚೈತ್ರಾಳಿಗೆ ಆಮೇಲೆ ತಿಳಿಯಿತು. ಅದೇ ನೆಪದಲ್ಲಿ ವಾರದೊಳಗೆ ಚೈತ್ರಾಳ ಟಿಕೆಟ್ಟೂ ಆಯಿತು. ಹೊರಡುವ ದಿನ ಮಾರ್ತಾ ಗೇಟಿನ ತನಕ ಬಂದು, ಆಸ್ಪತ್ರೆಯಲ್ಲಿರುವ ತಾಯಿಗೆಂದು ಒಂದು ಪೊಟ್ಟಣ ಉಪ್ಪು ಕೊಟ್ಟಳು. ವಿಮಾನದಲ್ಲಿ ಚೈತ್ರಾ ಆ ಉಪ್ಪು ಹಿಡಿದುಕೊಂಡೇ ಅತ್ತಳು.

ಇದೆಲ್ಲ ಆಗಿ ವರ್ಷವಾದ ಮೇಲೆ, ಒಂದು ಬೆಳಿಗ್ಗೆ ಬಸವಣ್ಣೆಮ್ಮ ಆಟೋದಲ್ಲಿ ಬಂದು ರೊಟ್ಟಿ ಅಂಗಡಿಯ ಮುಂದೆ ಇಳಿದರು. ಕುಂಟುತ್ತಿದ್ದರು. ಸ್ಟೂಲಿನ ಮೇಲೆ ಕೂತು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಹೆಬ್ಬೆರಳು ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಶುಗರಿನ ಗುಳಿಗೆ ಬಿಟ್ಟು ನಾಲ್ಕು ತಿಂಗಳಾಯಿತೆಂದರು. ಮಗಳು ವಿಡಿಯೋದಲ್ಲಿ ಹೇಳುತ್ತಾಳಲ್ಲ, ದೇಹ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆಯೆಂದು. ಚೈತ್ರಾಳ ಕೈಗುಣ ದೊಡ್ಡದು ಎಂದೂ ಮಗಳೇ ಹೇಳಿದ್ದಳಂತೆ. ಅದಕ್ಕೇ ದೃಷ್ಟಿ ತೆಗೆಸಿಕೊಳ್ಳಲು ಬಂದಿದ್ದರು.

ಚೈತ್ರಾ ತೆಗೆದಳು. ಮುದುಕಿಯ ಮನಸ್ಸು ನೋಯಬಾರದಲ್ಲ. ಮೆಣಸಿನಕಾಯಿ ಒಲೆಗೆ ಬಿದ್ದದ್ದೇ ಹೊರಗೆ ಬಂದು, ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಲ್ಲಿಸಿದಳು.

“ದೃಷ್ಟಿ ತೆಗ್ದಿದ್ದಾಯ್ತು. ಏಳ್ರಿ ಅಮ್ಮಾರೆ, ದವಾಖಾನೆಗೆ ಹೋಗಾಣ.”

“ಬ್ಯಾಡ ಕಣವ್ವ. ನನ್ನ ಮಗಳ ಮಾತಿನ ಮ್ಯಾಲೆ ನಾನೇ ನಂಬಿಕೆ ಇಡ್ಲಿಲ್ಲ ಅಂದ್ರೆ ಆಕಿಗೆ ಹೆಂಗೆ ಅನ್ನಿಸ್ತೈತೆ?”

ಚೈತ್ರಾ ವಾದಕ್ಕೆ ಇಳಿಯಲಿಲ್ಲ. ನಯನಾಳಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಆ ಕಾಲಿನ ಹತ್ತಿರ ಹಿಡಿದಳು. ತನ್ನ ಕಾಲಬುಡಕ್ಕೆ ಬಂದಾಗ ಗುಡ್ಡದ ಮೇಲಿನ ಮಾತೆಲ್ಲ ಎಲ್ಲಿ ಹೋಯಿತೋ.

“ಅವ್ವಾ, ಈಗ್ಲೇ ಹೋಗು. ಚೈತ್ರಕ್ಕ, ಕೈ ಮುಗಿತೀನಿ, ಕರ್ಕೊಂಡು ಹೋಗು,” ಎಂದಳು.

ಆಸ್ಪತ್ರೆಯಲ್ಲಿ ಬೆರಳು ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಕಾಲೇ ಹೋಗುತ್ತಿತ್ತೆಂದರು. ಮರುದಿನ ನಯನಾಳ ಫೋನು ಬಂದಾಗ ಚೈತ್ರಾ ಅದನ್ನು ಹಿಡಿದು ವರಾಂಡಕ್ಕೆ ಬಂದಳು. ನಯನಾ ನಿನ್ನ ಉಪಕಾರ ಈ ಜನ್ಮದಲ್ಲಿ ಮರೆಯುವುದಿಲ್ಲ ಎಂದು ಅಳುತ್ತಿದ್ದಳು. ಅಳು ನಿಲ್ಲುವ ತನಕ ಚೈತ್ರಾ ಕಾದಳು. ಆಮೇಲೆ ವರ್ಷದಿಂದ ಹೊತ್ತಿದ್ದ ಮಾತು ಕೇಳಿದಳು.

“ಮಾರ್ತಾ ಹೆಂಗದಾಳ್ರಿ?”

ಯುಗಾದಿ ಹೊತ್ತಿಗೆ ಹೋದಳು ಎಂದಳು ನಯನಾ. ಕೊನೆಯ ತನಕ ತಲೆದಿಂಬಿನ ಕೆಳಗೆ ಉಪ್ಪಿನ ಗಂಟು ಇಟ್ಟುಕೊಂಡಿದ್ದಳಂತೆ.

“ಹೋಗಾಕಿಂತ ಮೊದ್ಲು, ನಾನು ದವಾಖಾನೆಗೆ ಹೋಗು ಅಂದಿದ್ದೆ ಅಂತ ಆಕಿಗೆ ಹೇಳಿದ್ರೇನು?”

“ಇಲ್ಲ ಅಕ್ಕ.”

ಚೈತ್ರಾ ಫೋನು ಇಟ್ಟು ವಾರ್ಡಿಗೆ ಬಂದಳು. ಅಲ್ಲಿ ಬಸವಣ್ಣೆಮ್ಮ ಪಕ್ಕದ ಮಂಚದವರಿಗೆ, ಮಗಳು ಅಷ್ಟು ದೂರದಿಂದ ಫೋನಿನಲ್ಲಿ ನೋಡಿಯೇ ರೋಗ ಕಂಡುಹಿಡಿದು ತನ್ನ ಜೀವ ಉಳಿಸಿದಳೆಂದು ಹೇಳುತ್ತಿದ್ದರು. ಹೌದೇನವ್ವ ಎಂದು ಆ ಮಂಚದವಳು ಚೈತ್ರಾಳನ್ನು ಕೇಳಿದಳು.

“ಹೂನ್ರಿ,” ಎಂದಳು ಚೈತ್ರಾ, “ಅಮ್ಮಾರಿಗಾದ್ರೂ ಹೇಳಿದ್ರು.”