ಹೆಸರಿಲ್ಲದ ಕವರ್

ಗುಬ್ಬಿಯ ಕದರಯ್ಯ ಇಪ್ಪತ್ತಾರು ವರ್ಷ ಖಾಸಗಿ ಬಸ್ ಓಡಿಸಿದವರು. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹಾಗಲವಾಡಿ ಹತ್ತಿರ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಅವರ ಬಸ್ಸಿಗೆ ಸಿಕ್ಕಿ ತೀರಿಕೊಂಡಳು. ತಪ್ಪು ಡ್ರೈವರನದ್ದಲ್ಲ ಎಂದು ಕೋರ್ಟು ಹೇಳಿತು. ಕದರಯ್ಯನವರ ಮನಸ್ಸು ಒಪ್ಪಲಿಲ್ಲ. ಮತ್ತೆ ಸ್ಟೀರಿಂಗ್ ಮುಟ್ಟದೆ ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಸೇರಿದರು.

ಸತ್ತವಳಿಗೆ ಏಳು ವರ್ಷದ ಮಗಳಿದ್ದಳು, ತನುಶ್ರೀ. ಅವಳನ್ನು ಸಾಕಿದ್ದು ಅಜ್ಜಿ ಕೊಲ್ಲಾಪುರಮ್ಮ, ಹಾಗಲವಾಡಿಯಲ್ಲಿ ಇಡ್ಲಿ ಹೋಟೆಲ್ ಇಟ್ಟುಕೊಂಡು. ಪ್ರತಿ ತಿಂಗಳು ಆ ವಿಳಾಸಕ್ಕೆ ಕದರಯ್ಯ ಒಂದು ಅಂಚೆ ಕವರ್ ಹಾಕುತ್ತಿದ್ದರು. ಒಳಗೆ ನೋಟುಗಳು, ಕಳಿಸಿದವರ ಹೆಸರಿಲ್ಲ. ಅವರ ಹೆಂಡತಿಗೂ ಇದು ಗೊತ್ತಿರಲಿಲ್ಲ.

ಕಳೆದ ವರ್ಷ ಕದರಯ್ಯ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅಂಚೆ ಡಬ್ಬದವರೆಗೂ ನಡೆಯಲಾಗದು. ಕವರನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಗುಟ್ಟು ಉಳಿಯುವುದಿಲ್ಲ. ಹಿಂದೊಮ್ಮೆ ಆ ಹೋಟೆಲಿನ ಮುಂದೆ ಹಾದುಹೋದಾಗ ಸ್ಕ್ಯಾನರ್ ಬೋರ್ಡಿನ ಕೆಳಗಿದ್ದ ನಂಬರ್ ಬರೆದುಕೊಂಡಿದ್ದರು. ಫೋನಿನಿಂದ ಅದಕ್ಕೇ ಎರಡು ಸಾವಿರ ಕಳಿಸಿದರು. ನಂಬರಿನಿಂದ ನಂಬರಿಗೆ ಹೋಗುವ ದುಡ್ಡಿಗೆ ಹೆಸರೆಲ್ಲಿ ಎಂದುಕೊಂಡಿದ್ದರು.

ಅರ್ಧ ಗಂಟೆಯಲ್ಲಿ ದುಡ್ಡು ವಾಪಸ್ ಬಂತು. ಹಿಂದೆಯೇ ಒಂದು ಕರೆ.

"ಕದರಯ್ಯ ಅಂದ್ರೆ ನೀವೇನಾ? ಬಸ್ ಓಡಿಸ್ತಿದ್ರಲ್ಲ?"

"ಹೂಂ ಕಣವ್ವ."

"ನಾನು ತನುಶ್ರೀ. ತುಮಕೂರಲ್ಲಿ ಓದ್ತಿದೀನಿ. ಅಜ್ಜಿ ಹೋಟೆಲಿನ ಸ್ಕ್ಯಾನರ್ ನನ್ ನಂಬರಿಂದೇ, ದುಡ್ಡಿನ ಜೊತೆ ನಿಮ್ಮ ಹೆಸರೂ ಬಂತು. ಕೇಸಿನ ಕಾಗದದಲ್ಲಿ ನಿಮ್ಮ ಹೆಸರು ಓದಿ ಓದಿ ಬಾಯಿಪಾಠ ಆಗೋಗಿದೆ. ಕವರ್ ಕಳಿಸ್ತಿದ್ದೋರೂ ನೀವೇನಾ?"

ಹೆಂಡತಿಗೆ ಕೇಳಿಸಬಾರದೆಂದು ಕದರಯ್ಯ ದನಿ ತಗ್ಗಿಸಿ "ಹೂಂ" ಎಂದರು.

"ಆ ದುಡ್ಡಲ್ಲೇ ಫೀಸ್ ಕಟ್ಟಿದೀನಿ. ಈಗ ಏನ್ ಮಾಡ್ಲಿ ಹೇಳಿ. ಇನ್ಮೇಲೆ ಕಳಿಸ್ಬೇಡಿ. ಅಜ್ಜಿಗೆ ನಾನ್ ಹೇಳಲ್ಲ, ಅವ್ಳು ತಡ್ಕೊಳಲ್ಲ."

ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಕದರಯ್ಯ ಹಾಗಲವಾಡಿ ಬಸ್ ಹತ್ತಿದರು. ಅಜ್ಜಿಗೆ ತಾವೇ ಎಲ್ಲ ಹೇಳಿಬಿಡಬೇಕೆಂದು ಹೋಗಿದ್ದರು. ಕೊಲ್ಲಾಪುರಮ್ಮ ಗುರುತು ಹಿಡಿಯಲಿಲ್ಲ. ಅವರು ಕುಂಟುವುದನ್ನು ನೋಡಿ ಸ್ಟೂಲ್ ಎಳೆದು ಹಾಕಿ, ತಟ್ಟೆ ಇಡ್ಲಿ ಕೊಟ್ಟು, ತಾನಾಗಿ ಮಾತಿಗಿಳಿದಳು.

"ಮೊಮ್ಮಗ್ಳು ಓದ್ತಾವ್ಳೆ. ಯಾರೋ ಪುಣ್ಯಾತ್ಮ ತಿಂಗ್ಳು ತಿಂಗ್ಳು ದುಡ್ಡು ಕಳಿಸ್ತಿದ್ದ. ಈಗ ನಾಕು ತಿಂಗ್ಳಿಂದ ಇಲ್ಲ. ಸತ್ತೇಹೋದ್ನೋ ಏನೋ. ದೀಪ ಹಚ್ಚುವಾಗ ಅವ್ನನ್ನೂ ನೆನೀತೀನಿ."

ಅರ್ಧ ಇಡ್ಲಿ ತಟ್ಟೆಯಲ್ಲೇ ಉಳಿಯಿತು. ಕದರಯ್ಯ ಎದ್ದು ಜೇಬಿಗೆ ಕೈ ಹಾಕಿದರು.

"ಸ್ಕ್ಯಾನ್ ಮಾಡ್ತೀರಾ?" ಎಂದು ಕೇಳಿದಳು.

"ಇಲ್ಲವ್ವ, ಚಿಲ್ಲರೆ ಐತೆ."

ನಾಣ್ಯಗಳನ್ನು ಅವಳ ಅಂಗೈಗೆ ಹಾಕಿ, ಹೆಸರು ಹೇಳದೆ ಬಸ್‌ಸ್ಟಾಪಿನ ಕಡೆ ನಡೆದರು.