ಖಾಲಿ ಎಂದು ಬರೆದ ಮರಳು

ನೆನೆದಾಗಲೆಲ್ಲ ಈಗಲೂ ಮೈ ಉರಿಯುತ್ತದೆ. ಮೊದಲು ನನ್ನ ಮೇಲೆ, ಆಮೇಲೆ ಉಳಿದವರ ಮೇಲೆ.

ಹೊಸಹಳ್ಳಿ ಮೆಟ್ರೋ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕರಾವಳಿಯ ಊರುಗಳು ಎಲ್ಲರಿಗೂ ಸೇರಿದ ಸಮುದ್ರದಂಡೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿವೆ ಎಂದು ಅಂಕ ಕೊಡುವುದು ನಮ್ಮ ಕೆಲಸ. ನೀರು, ಕಸ, ಕಡಲ್ಕೊರೆತ, ಜನರ ಬಳಕೆ, ಒಂದೊಂದಕ್ಕೂ ಹತ್ತರಲ್ಲಿ ಇಷ್ಟು. ಸುಸ್ಥಿರತೆ ಎಂಬ ದೊಡ್ಡ ಮಾತನ್ನು ಎಕ್ಸೆಲ್ ಹಾಳೆಗೆ ಇಳಿಸುವವಳು ನಾನು. ಸಮುದ್ರದಿಂದ ಇಷ್ಟು ದೂರ ಕೂತು ಸಮುದ್ರಕ್ಕೆ ಮಾರ್ಕ್ಸ್ ಹಾಕುವುದು ವಿಚಿತ್ರ ಎಂದು ಆಗ ಅನ್ನಿಸಿರಲಿಲ್ಲ.

ಕರಾವಳಿಯ ಒಂದು ಊರಿನ ಫೋಟೊಗಳು ಬಂದದ್ದು ಜುಲೈನಲ್ಲಿ. ಉದ್ದನೆಯ ಮರಳು ಜಾಗ, ಒಂದು ನರಪಿಳ್ಳೆಯೂ ಇಲ್ಲ. ಜನರ ಬಳಕೆ ಎಂಬಲ್ಲಿ ಸೊನ್ನೆ ಹಾಕಿ, ಪಕ್ಕದಲ್ಲಿ 'ಖಾಲಿ ಜಾಗ' ಎಂದು ಬರೆದೆ. ಮಳೆಗಾಲದಲ್ಲಿ ಅಲ್ಲಿ ಮೀನುಗಾರಿಕೆ ನಿಂತಿರುತ್ತದೆ, ಮಳೆ ಬಿಟ್ಟ ಮೇಲೆ ಹೆಂಗಸರು ಅದೇ ಮರಳಿನಲ್ಲಿ ಮೀನು ಒಣಹಾಕುತ್ತಾರೆ ಎಂದು ಹೇಳಲು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಇಡೀ ಆಫೀಸೇ ಸಸ್ಯಾಹಾರಿ. ದಾವಣಗೆರೆ ಕಡೆಯ ನಮ್ಮ ಮನೆಯಲ್ಲಿ ಮೀನೆಂದರೆ ಗಾಜಿನ ತೊಟ್ಟಿಯಲ್ಲಿ ಈಜುವಂಥದ್ದು.

ದೀಪಾವಳಿಯ ಹೊತ್ತಿಗೆ, ಮೀನು ಒಣಗಿಸುವ ಹೆಂಗಸೊಬ್ಬರು ಆ ಊರಿನಿಂದ ಬಸ್ಸು ಹತ್ತಿ ಬಂದರು. ನಮ್ಮ ಕರಡು ವರದಿಯನ್ನು ನೆಚ್ಚಿಕೊಂಡು ಆ ಜಾಗದಲ್ಲಿ ಪಾರ್ಕಿಂಗ್ ಮಾಡುತ್ತಾರೆಂದು ಪಂಚಾಯಿತಿಯಲ್ಲಿ ಕೇಳಿಸಿಕೊಂಡಿದ್ದರು. ಸಾಕ್ಷಿಗೆಂದು ಒಂದು ಚೀಲ ಒಣಮೀನು ತಂದಿದ್ದರು.

"ಏನ್ರೀ ಇದು ವಾಸ್ನೆ? ಮೊದ್ಲು ಹೊರಗಿಡಿ ಅದನ್ನ," ಎಂದು ನಮ್ಮ ಸಾಹೇಬರು ಮೂಗು ಮುಚ್ಚಿಕೊಂಡರು. ಆಕೆ ಚೀಲವನ್ನು ಮೆಟ್ಟಿಲ ಮೇಲಿಟ್ಟು ಬಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಳೆಗಾಲದಲ್ಲಿ ಯಾರಾದ್ರೂ ಮೀನು ಒಣಗಿಸ್ತಾರಾ ಮೇಡಂ? ನನ್ನ ಅತ್ತೆ ಒಣಗಿಸಿದ್ದು ಅಲ್ಲೇ, ನಾನೂ ಅಲ್ಲೇ. ಅದೂ ಹೋದ್ರೆ ನಾವು ಎಲ್ಲಿಗೆ ಹೋಗುವುದು?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಸಾರ್, ತಪ್ಪು ನಂದೇ. ಇನ್ನೊಂದ್ಸಲ ಫೋಟೊ ತರ್ಸೋಣ," ಎಂದೆ.

"ಸರ್ವೆ ಮುಗೀತಲ್ಲಮ್ಮ. ಈ ವರ್ಷ ಹೋಗ್ಲಿ ಬಿಡಿ, ಮುಂದಿನ್ಸಲ ಸರಿ ಮಾಡಿದ್ರಾಯ್ತು."

ಹೋಗಲಿ ಬಿಡಿ ಅನ್ನಲು ಅದೇನು ಇವರಪ್ಪನ ಮನೆಯ ಸೊತ್ತೇ? ಜಗಳವಾಡಿದೆ. ಮಳೆ ಬಿಟ್ಟ ಮೇಲೆ ಫೋಟೊ ತೆಗೆಸಬೇಕೆಂದು ವರದಿ ಕೇಳಿದ್ದ ಇಲಾಖೆಗೂ ಪತ್ರ ಬರೆದೆ. ಮೆಟ್ಟಿಲ ಮೇಲಿನ ಚೀಲ ಎತ್ತಿಕೊಂಡು ಆಕೆ ವಾಪಸ್ಸು ಹೋದರು, ವರದಿ ಹಾಗೆಯೇ ಹೋಯಿತು.

ಮುಂದಿನ ವರ್ಷದ ಫೋಟೊಗಳನ್ನು ಡಿಸೆಂಬರಿನ ಬಿಸಿಲಿನಲ್ಲಿ ತೆಗೆಸಿದ್ದರು. ನನ್ನ ಪತ್ರಕ್ಕೆ ಸಿಕ್ಕ ಮರ್ಯಾದೆ ಅಷ್ಟೇ. ಮರಳಿನ ಮೇಲೆ ಸಿಮೆಂಟ್ ಕಲ್ಲು ಹಾಸಿತ್ತು. ಸಾಲಾಗಿ ಕಾರುಗಳು, ಐಸ್‌ಕ್ರೀಂ ಗಾಡಿ, ಸೆಲ್ಫಿ ತೆಗೆದುಕೊಳ್ಳುವವರು. ಮೀನು ಒಣಗಿಸುವ ಒಬ್ಬ ಹೆಂಗಸೂ ಇಲ್ಲ. ಎಷ್ಟು ಜನ ಕಾಣುತ್ತಾರೋ ಅಷ್ಟು ಅಂಕ ಎಂಬುದು ನಮ್ಮ ಆಫೀಸಿನದೇ ನಿಯಮ. ಜನರ ಬಳಕೆ ಎಂಬಲ್ಲಿ ಆ ದಂಡೆಗೆ ಹತ್ತಕ್ಕೆ ಹತ್ತು ಬಂತು. ಹಾಕಿದವಳೂ ನಾನೇ.