ಎರಡನೇ ಬಾಟಲಿಗೆ ಮುಂಚೆ

ಆಪರೇಷನ್ ಥಿಯೇಟರಿನಲ್ಲಿ ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅರಿವಳಿಕೆ ಕೊಡುವವರ ಪಕ್ಕದಲ್ಲಿ ನಿಂತು ಸಿರಿಂಜು, ಕೊಳವೆಗಳನ್ನು ಸಿದ್ಧ ಮಾಡಿಕೊಡುವ ಸಹಾಯಕಿ. ಹತ್ತೊಂಬತ್ತು ವರ್ಷದಲ್ಲಿ ತನ್ನ ಕೈಯಿಂದ ಒಂದು ಸೂಜಿಯೂ ಕೆಳಗೆ ಬಿದ್ದಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಎರಡು ಬಿದ್ದಿದ್ದವು, ಅದನ್ನು ಮಾತ್ರ ಹೇಳುತ್ತಿರಲಿಲ್ಲ.

ಇಷ್ಟು ಗಟ್ಟಿಗಿತ್ತಿಗೂ ಬೆನ್ನಿಗೆ ಹಾಕುವ ಸೂಜಿಯೆಂದರೆ ಒಳಗೊಳಗೇ ಅಳುಕು. ನಾಲ್ಕು ವರ್ಷದ ಹಿಂದೆ ಬಸ್ ಡ್ರೈವರೊಬ್ಬ ಮಂಡಿ ಆಪರೇಷನ್ನಿಗೆ ಬಂದಿದ್ದ. ಬೆನ್ನಿಗೆ ಸೂಜಿ ಬಿದ್ದು ಸೊಂಟದ ಕೆಳಗೆಲ್ಲ ಮರಗಟ್ಟಿದ್ದೇ ತಡ, ಬಿಪಿ ಪಾತಾಳಕ್ಕಿಳಿದು ಎದೆಬಡಿತ ನಿಂತಿತು. ಜೀವವೇನೋ ಉಳಿಯಿತು. ಆದರೆ ವಾರ ಕಳೆದ ಮೇಲೆ ಪಕ್ಕದಲ್ಲೇ ಕೂತಿದ್ದ ಹೆಂಡತಿಯನ್ನು ಅವನು, "ನೀವು ಯಾರಮ್ಮ?" ಎಂದು ಕೇಳಿದ್ದ.

ಹಾಗಾಗಿ ಹೊಸದಾಗಿ ಬಂದ ಕಿರಿಯ ಡಾಕ್ಟರಮ್ಮ ಸ್ಕ್ಯಾನಿಂಗ್ ಯಂತ್ರ ತಳ್ಳಿಕೊಂಡು ಬಂದಾಗ ಮೊದಲು ಕಣ್ಣರಳಿಸಿದ್ದು ಚಿಕ್ಕಮ್ಮನೇ. "ಹೃದಯಕ್ಕೆ ರಕ್ತ ವಾಪಸ್ ತರೋ ದೊಡ್ಡ ನಾಳ ಇದು. ಉಸಿರೆಳೆದಾಗ ಎಷ್ಟು ಕುಗ್ಗುತ್ತೆ ಅಂತ ಅಳೀಬೇಕು. ಅರ್ಧಕ್ಕಿಂತ ಜಾಸ್ತಿ ಕುಗ್ಗಿದ್ರೆ ಮೈಯಲ್ಲಿ ನೀರು ಕಮ್ಮಿ ಇರಬಹುದು. ಅಂಥವರಿಗೆ ಬೆನ್ನಿನ ಸೂಜಿ ಹಾಕಿದ್ರೆ ಬಿಪಿ ಬೀಳೋ ಸಂಭವ ಹೆಚ್ಚು," ಎಂದು ಡಾಕ್ಟರಮ್ಮ ತೋರಿಸಿಕೊಟ್ಟಳು. ಮೂರು ತಿಂಗಳು ಇಬ್ಬರೂ ಸೇರಿ ಅಳೆದು ಬರೆದಿಟ್ಟರು. ಕೆಲವು ಸಲ ಲೆಕ್ಕ ಕೈಕೊಟ್ಟಿತು. ಹೆಚ್ಚು ಸಲ ಕೊಡಲಿಲ್ಲ.

ಆ ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಮಲಗಿದ್ದವನು ಚಿಕ್ಕಮ್ಮನ ಮೈದುನ. ವೆಲ್ಡಿಂಗ್ ಕೆಲಸದವನು, ಹರ್ನಿಯಾ ಆಪರೇಷನ್. "ಅತ್ತಿಗೆ, ಹೊಲಿಗೆ ಬಿಟ್ಟರೆ ಹೇಳಿ, ನಾನೇ ವೆಲ್ಡಿಂಗ್ ಮಾಡ್ಕೋತೀನಿ," ಎಂದು ನಗಿಸುತ್ತಿದ್ದ. ಡಾಕ್ಟರಮ್ಮ ಅವನ ಪಕ್ಕೆಲುಬಿನ ಕೆಳಗೆ ಯಂತ್ರದ ಹಿಡಿ ಒತ್ತಿದಳು. ಅವನು ಉಸಿರೆಳೆದ. ಪರದೆಯ ಮೇಲೆ ನಾಳದ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡಂತೆ ಮುಚ್ಚಿಕೊಂಡವು. ಮತ್ತೆ ಅಳೆದಳು. ಮೂರನೇ ಸಲವೂ ಅದೇ.

"ಎರಡು ಬಾಟಲಿ ಸಲೈನ್ ಒಳಗೆ ಹೋಗಿ, ನಾನು ಮತ್ತೆ ಅಳೆಯೋವರೆಗೂ ಸೂಜಿ ಬೇಡ," ಎನ್ನುವಷ್ಟರಲ್ಲಿ ಹೆರಿಗೆ ವಾರ್ಡಿನಿಂದ ತುರ್ತು ಕರೆ ಬಂತು. ಅವಳು ಓಡಿದಳು.

ಚಿಕ್ಕಮ್ಮ ಮೊದಲ ಬಾಟಲಿ ತೂಗುಹಾಕಿ, ಬಗ್ಗಿ ಮೈದುನನನ್ನು ಕೇಳಿದಳು. "ನಿಜ ಹೇಳು, ಏನು ಮುಚ್ಚಿಡ್ತಿದ್ದೀಯ?"

ಮೈದುನನ ನಗು ಆರಿಹೋಯಿತು. "ಎರಡು ದಿನದಿಂದ ಭೇದಿ ಅತ್ತಿಗೆ. ಹೇಳಿದ್ರೆ ಮತ್ತೆ ಮುಂದಕ್ಕೆ ಹಾಕ್ತಾರೆ ಅಂತ ಸುಮ್ಮನಿದ್ದೆ. ಈಗಾಗಲೇ ಎರಡು ಸಲ ಹಾಕಿದಾರಲ್ಲ."

ಅಷ್ಟರಲ್ಲಿ ಅರಿವಳಿಕೆ ಕೊಡುವ ಹಿರಿಯ ಡಾಕ್ಟರು ಕೈಗವಸು ಎಳೆದುಕೊಳ್ಳುತ್ತಲೇ ಒಳಗೆ ಬಂದರು. ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು, ನಾಳ, ಭೇದಿ, ಎರಡು ಬಾಟಲಿ. ಅವರು ತೂಗುತ್ತಿದ್ದ ಸಲೈನ್ ನೋಡಿದರು. ಮೊದಲನೆಯದು ಅರ್ಧವೂ ಇಳಿದಿರಲಿಲ್ಲ.

"ಹೋಗ್ತಾ ಇದೆಯಲ್ಲ, ಸಾಕು. ಹೊರಗೆ ಇನ್ನೂ ಐದು ಜನ ಕಾಯ್ತಿದ್ದಾರೆ. ನಾನು ಈ ಕೆಲಸ ಶುರು ಮಾಡಿದಾಗ ಆ ಯಂತ್ರ ಇನ್ನೂ ಹುಟ್ಟಿರಲಿಲ್ಲ, ಚಿಕ್ಕಮ್ಮ."

"ಸರ್, ಮೂರು ಸಲ ಅಳೆದಿದ್ದಾರೆ..."

"ಅವನನ್ನ ಕೂರಿಸಿ ಹಿಡ್ಕೋ."

ಚಿಕ್ಕಮ್ಮ ಬಿಪಿ ಏರಿಸುವ ಔಷಧಿಯನ್ನು ಸಿರಿಂಜಿಗೆ ಎಳೆದು ಟ್ರೇಯಲ್ಲಿಟ್ಟಳು. ಆಮೇಲೆ ಮೈದುನನ ಭುಜ ಹಿಡಿದು, ಅವನ ಬೆನ್ನು ಬಾಗಿಸಿದಳು. ತನ್ನ ಕೈಯಾರೆ.

ಸೂಜಿ ಹಾಕಿ ಮಲಗಿಸಿದ ಮೇಲೆ ಬಿಪಿಯ ಮೊದಲ ಅಂಕಿ ನೂರ ಇಪ್ಪತ್ತು. ಡಾಕ್ಟರು ಅವಳತ್ತ ನೋಡಿ ಹುಬ್ಬು ಹಾರಿಸಿದರು. ಆಮೇಲೆ ತೊಂಬತ್ತಾರು. ಆಮೇಲೆ ಎಪ್ಪತ್ತು. ಮೈದುನ ಆಕಳಿಸಿದ. "ಅತ್ತಿಗೆ, ಯಾಕೋ ಒಂಥರಾ..." ಎಂದ. ತುಟಿ ಸುಣ್ಣದಂತಾಯಿತು. ಮುಂದಿನ ಸಲ ಬಿಪಿ ಯಂತ್ರಕ್ಕೆ ಅಂಕಿಯೇ ಸಿಗಲಿಲ್ಲ. ಪಟ್ಟಿ ತೋಳನ್ನು ಹಿಂಡಿತು, ಬಿಟ್ಟಿತು, ಮತ್ತೆ ಹಿಂಡಿತು. ಎದೆಬಡಿತದ ಬೀಪ್ ಸದ್ದು ಒಂದಕ್ಕೊಂದು ದೂರವಾಗತೊಡಗಿತು.

ಡಾಕ್ಟರು ಕೈ ಚಾಚುವ ಮೊದಲೇ ಸಿರಿಂಜು ಅವರ ಕೈಯಲ್ಲಿತ್ತು. ಔಷಧಿ ಹೋಯಿತು. ಇನ್ನೊಂದು ಹೋಯಿತು. ರಕ್ತ ಎದೆಯತ್ತ ಇಳಿಯಲೆಂದು ಚಿಕ್ಕಮ್ಮ ಅವನ ಮರಗಟ್ಟಿದ ಎರಡೂ ಕಾಲುಗಳನ್ನು ಹೆಗಲಿಗೆ ಹೊತ್ತು ನಿಂತಳು. ಮರದ ದಿಮ್ಮಿಯಷ್ಟು ಭಾರ. ಇವನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಐವತ್ತೆಂಟು. ಅರವತ್ತೊಂಬತ್ತು. ತೊಂಬತ್ತು ಕಾಣಿಸುವ ಹೊತ್ತಿಗೆ ಡಾಕ್ಟರ ಹಣೆಯ ಬೆವರು ಮಾಸ್ಕಿಗಿಳಿದಿತ್ತು. ಆಪರೇಷನ್ ಮುಗಿದ ಮೇಲೆ ಕಾಗದದಲ್ಲಿ "ಬಿಪಿ ಸ್ವಲ್ಪ ಇಳಿದಿತ್ತು, ಸರಿಹೋಯಿತು" ಎಂದು ಬರೆದು ಮುಂದಿನವರನ್ನು ಕರೆಸಿದರು.

ಚಿಕ್ಕಮ್ಮ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅತ್ತೆ ಆ ಡಾಕ್ಟರ ಕೈಗುಣ ಹೊಗಳುವಾಗ ಎದ್ದು ಅಡುಗೆಮನೆಗೆ ಹೋದಳು. ತಾನು ಇನ್ನೊಂದು ಸಲ ಗಟ್ಟಿಯಾಗಿ ಹೇಳಬಹುದಿತ್ತು, ಕೈ ಕಟ್ಟಿ ನಿಲ್ಲಬಹುದಿತ್ತು ಎಂಬುದು ಮುಳ್ಳಿನಂತೆ ಒಳಗೇ ಮುರಿದು ಕೂತಿತು.

ಮೂರು ವಾರ ಕಳೆದು ಮೈದುನ ಆಸ್ಪತ್ರೆಗೆ ನಡೆದುಕೊಂಡೇ ಬಂದ. ಎಡಗಡೆಯೂ ಹರ್ನಿಯಾ ಶುರುವಾಗಿದೆಯಂತೆ, ಮತ್ತೆ ಅದೇ ಆಪರೇಷನ್ ಅಂತೆ.

"ಭಯ ಇಲ್ಲ ಬಿಡಿ. ಆವತ್ತು ನಿಮ್ಮ ದನಿ ಬಾವಿಯಾಳದಿಂದ ಬಂದಹಾಗೆ ಕೇಳ್ತಿತ್ತು, ಅದನ್ನೇ ಹಿಡ್ಕೊಂಡಿದ್ದೆ. ಈ ಸಲವೂ ನೀವೇ ಅಲ್ಲಿ ಇರ್ತೀರಲ್ಲ ಅತ್ತಿಗೆ?"

ಆವತ್ತು ಆ ಹೊತ್ತಿನಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಅವನ ತುಟಿಯ ಬಣ್ಣವನ್ನೇ ನೋಡುತ್ತ ನಿಂತಳು.